ಆರು ಇಂಚಿನ ಹೊಲಿಗೆ

ಗಲ್ಫಿನ ಮುಸಫ್ಫಾದ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷ ದೋಣಿಗಳ ಸೀಟು, ಲಾರಿಗಳ ಟಾರ್ಪಾಲು ಹೊಲಿದಿದ್ದ ಕೊರಗಪ್ಪನಿಗೆ 2014ರ ಚಳಿಗಾಲದಲ್ಲಿ ವಿಮಾನದ ರೆಕ್ಕೆ ಹೊಲಿಯುವ ಕೆಲಸ ಬಂತು. ನೂರು ವರ್ಷದ ಹಿಂದಿನ ಮಾದರಿ: ಒಂದರ ಮೇಲೊಂದು ಎರಡು ಜೋಡಿ ರೆಕ್ಕೆ, ಮರದ ಚೌಕಟ್ಟು, ಅದರ ಮೇಲೆ ಬಟ್ಟೆ. ದುಬೈಯ ಹೋಟೆಲೊಂದರ ಲಾಬಿಯಲ್ಲಿ ತೂಗುಹಾಕಲು ಯಾರೋ ಶ್ರೀಮಂತರು ಮಾಡಿಸುತ್ತಿದ್ದರು.

ರೆಕ್ಕೆಯೊಳಗಿನ ಮರದ ಪಟ್ಟಿಗಳಿಗೆ ಬಟ್ಟೆಯನ್ನು ಮೇಣದ ದಾರದಿಂದ ಹೊಲಿದು ಕಟ್ಟಬೇಕು. ಎರಡು ಇಂಚಿಗೊಂದು ಗಂಟು ಎಂದು ನಕ್ಷೆಯಲ್ಲಿತ್ತು. ಬಲಗಡೆಯ ಕೆಳರೆಕ್ಕೆಯೊಂದಕ್ಕೇ ನಾಲ್ಕು ದಿನ ಹಿಡಿಯಿತು. ಫೋರ್‌ಮನ್ ನಾರ್ಬರ್ಟ್ ನೋಡಿ ತಲೆ ಚಚ್ಚಿಕೊಂಡ.

"ಎಂತ ಮಾರಾಯ, ಇದು ಹಾರ್ಲಿಕ್ಕುಂಟಾ? ಮೇಲೆ ನೇತು ಹಾಕ್ಲಿಕ್ಕೆ. ಆರು ಇಂಚಿಗೊಂದು ಹಾಕು. ಯಲ್ಲಾ, ಬೇಗ ಮುಗಿಸು."

ಮಾತು ಸರಿಯೆನಿಸಿತು. ಉಳಿದ ಮೂರು ರೆಕ್ಕೆಗಳಿಗೆ ಹಾಗೆಯೇ ಕಟ್ಟಿದ. ಗಂಟುಗಳು ಕಾಣದಂತೆ ಮೇಲೆ ಅಗಲದ ಬಟ್ಟೆಪಟ್ಟಿ ಅಂಟಿಸಿ, ಬಣ್ಣ ಬಳಿದರು.

ಮಾರ್ಚಿನಲ್ಲಿ ಹೋಟೆಲಿನವರು ಬೇಡವೆಂದರು. ಮಾಡಿಸಿದ ಶ್ರೀಮಂತರು ಅದಕ್ಕೆ ಇಂಜಿನ್ ಕೂರಿಸಿ, ಒಂದು ಶುಕ್ರವಾರ ಅತಿಥಿಗಳೆದುರು ಹಾರಿಸುವುದೆಂದು ನಿಶ್ಚಯಿಸಿದರು. ಹಾರಿಸಲು ಒಪ್ಪಿದವರು ಮೈಸೂರಿನ ಗುರುದತ್ತ, ನಿವೃತ್ತ ಕ್ಯಾಪ್ಟನ್. ಆ ಶುಕ್ರವಾರಕ್ಕೆ ಮುಂಚಿನ ಭಾನುವಾರ ವರ್ಕ್‌ಶಾಪಿಗೆ ಬಂದವರು ಕನ್ನಡ ಕೇಳಿ ಹಿಗ್ಗಿ, ಕೊರಗಪ್ಪನಿಗೆ ತಮ್ಮ ಕಾರ್ಡು ಕೊಟ್ಟರು. ಬಲಗಡೆಯ ಕೆಳರೆಕ್ಕೆಯ ಬಟ್ಟೆಪಟ್ಟಿಯ ಮೇಲೆ ಬೆರಳಾಡಿಸಿ, ಒಳಗಿನ ಗಂಟುಗಳ ಉಬ್ಬು ಎಣಿಸಿದರು.

"ಚೆನ್ನಾಗಿ ಹೊಲಿದಿದ್ದೀರ ಕೊರಗಪ್ಪನವರೇ. ಆಗಿನ ಕಾಲದಲ್ಲಿ ಎಷ್ಟು ಜನ ಸತ್ತರು ಗೊತ್ತಾ? ಬೆಲ್ಟಿಲ್ಲ, ಪ್ಯಾರಾಶೂಟಿಲ್ಲ. ಮೂತಿ ಬಾಗಿಸಿ ಜೋರಾಗಿ ಇಳಿದ್ರೆ ಮೇಲ್ರೆಕ್ಕೆ ಬಟ್ಟೆ ಕಿತ್ಕೊಂಡು ಹೋಗೋದು. ಯಾರೋ ಸತ್ತ ಮೇಲೇ ಒಂದೊಂದು ರೂಲ್ ಬಂದಿದ್ದು."

ನಾರ್ಬರ್ಟ್ ಪಕ್ಕದಲ್ಲೇ ನಿಂತಿದ್ದ. "ಹೌದು ಸಾರ್" ಎಂದಷ್ಟೇ ಅಂದ ಕೊರಗಪ್ಪ.

ಕ್ಯಾಪ್ಟನ್ ಹೋದ ಮೇಲೆ ನಾರ್ಬರ್ಟನನ್ನು ತಡೆದ. "ಅವರಿಗೆ ಹೇಳುವ. ಬಿಚ್ಚಿ ಇನ್ನೊಮ್ಮೆ ಹೊಲಿತೇನೆ."

"ನಾನೇ ಮಾತಾಡ್ತೇನೆ. ನೀನು ಬಾಯಿ ಹಾಕ್ಬೇಡ, ವೀಸಾ ಖಲಾಸ್ ಆದೀತು."

ಸೋಮವಾರ ಕೊರಗಪ್ಪ ಕಾರ್ಡಿನ ನಂಬರು ಒತ್ತಿ, ರಿಂಗಾಗುವ ಮೊದಲೇ ಕರೆ ಕಟ್ ಮಾಡಿದ. ಮಂಗಳವಾರ ವಿಮಾನವನ್ನು ಟ್ರೇಲರಿಗೆ ಹೇರಿ ಒಯ್ದರು. ಯಾವ ರೆಕ್ಕೆಯನ್ನೂ ಬಿಚ್ಚಿರಲಿಲ್ಲ. ನಾರ್ಬರ್ಟ್ ಹೇಳಿರಬಹುದು, ಅಲ್ಲೇ ಬಿಚ್ಚುತ್ತಾರೇನೋ ಎಂದು ತನಗೆ ತಾನೇ ಹೇಳಿಕೊಂಡ.

ಬುಧವಾರ ಬೆಳಿಗ್ಗೆ ಮರುಭೂಮಿಯ ರನ್‌ವೇಯಿಂದ ಕ್ಯಾಪ್ಟನ್ ಪರೀಕ್ಷೆಗೆಂದು ಹಾರಿದರು. ಹತ್ತು ಗಂಟೆಗೆ ಸುದ್ದಿ ಬಂತು. ಇಳಿಯಲು ಮೂತಿ ಬಾಗಿಸಿದಾಗ ಮೇಲಿನ ರೆಕ್ಕೆಯ ಬಟ್ಟೆ ಉಬ್ಬಿ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಹೋಗಿ, ವಿಮಾನ ಮರಳಿಗೆ ಬಿದ್ದಿತ್ತು. ಕ್ಯಾಪ್ಟನ್ ಬೆಲ್ಟು, ಹೆಲ್ಮೆಟ್ ಎರಡೂ ಹಾಕಿದ್ದರು. ಆದರೂ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ತನಿಖೆಯವರು ಬರುವ ಮೊದಲು ನಾರ್ಬರ್ಟ್ ಕೊರಗಪ್ಪನ ತೋಳು ಹಿಡಿದ. "ಎಲ್ಲ ಎರಡು ಇಂಚು ಅಂತ ಹೇಳು. ನನಗೆ ಮಕ್ಕಳುಂಟು ಮಾರಾಯ."

ಅಧಿಕಾರಿಗಳೆದುರು ಕೊರಗಪ್ಪ, ಮುರಿದು ಉಳಿದಿದ್ದ ಎಡಗಡೆಯ ಕೆಳರೆಕ್ಕೆಯ ಬಟ್ಟೆಪಟ್ಟಿಯನ್ನು ಬ್ಲೇಡಿನಿಂದ ಸೀಳಿ, ಗಂಟಿನಿಂದ ಗಂಟಿಗೆ ಅಳತೆ ಟೇಪು ಹಿಡಿದು ತೋರಿಸಿದ. ಫೋರ್‌ಮನ್ ಹೇಳಿದ್ದನ್ನೂ ಹೇಳಿದ, ತಾನು ಕಟ್ ಮಾಡಿದ ಕರೆಯ ವಿಷಯವನ್ನೂ ಹೇಳಿದ. ಇಬ್ಬರ ಕೆಲಸವೂ ಹೋಯಿತು. ಕೇಸು ಮುಗಿಯುವವರೆಗೆ ದೇಶ ಬಿಡುವಂತಿರಲಿಲ್ಲ.

ಮರುವಾರ ಬಸ್ಸು ಹಿಡಿದು ದುಬೈಯ ಅಲ್ ನಹ್ದಾದ ಕ್ಯಾಪ್ಟನ್ ಮನೆಗೆ ಹೋದ. ರೆಕ್ಕೆ ಹೊಲಿದವನು ತಾನೆಂದು ಹೇಳಿದ ಮೇಲೂ ಅವರ ಹೆಂಡತಿ ಒಳಗೆ ಕರೆದು ಕೂರಿಸಿದರು.

"ನಮ್ಮ ಯಜಮಾನ್ರು ಎಲ್ಲಾನೂ ಎರಡೆರಡು ಸಲ ನೋಡೋರು," ಎಂದರು. "ಹೊಲಿಗೆ ಸರಿಯಿಲ್ಲ ಅಂತ ಅವರಿಗೆ ಗೊತ್ತಾಗ್ಲಿಲ್ವಾ?"

"ಅವರು ಮುಟ್ಟಿ ನೋಡಿದ್ದು ನಾನು ಸರಿಯಾಗಿ ಹೊಲಿದ ರೆಕ್ಕೆ, ಅಮ್ಮಾ. ಉಳಿದದ್ದು ಅವರಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

ಆಕೆ ಅವನ ಕೈಗಳನ್ನೇ ನೋಡುತ್ತಿದ್ದು, ಆಮೇಲೆ ಎದ್ದು ಹೋಗಿ, ಅವನು ಹೊರಡಲೆಂದು ಬಾಗಿಲು ತೆರೆದು ನಿಂತರು.