ಕನ್ನಡಕದ ಗುರುತು

ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದ ಎದುರು ಆ ಜಾಹೀರಾತು ಫಲಕ ಏರಿದ ದಿನ ದೇವದಾಸ್ ಶಿವಾಜಿನಗರದ ತಮ್ಮ ಹೋಟೆಲಿಗೆ ಮಧ್ಯಾಹ್ನವೇ ಬಾಗಿಲೆಳೆದರು. ಊಟಕ್ಕೆಂದು ಬಂದ ಕೋರ್ಟಿನ ವಕೀಲರು, ಮನೆಯಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡು ಪಕ್ಕದ ಹೋಟೆಲಿಗೆ ಹೋದರಂತೆ. ದೇವದಾಸ್ ಮಾತ್ರ ಹೆಂಡತಿ ಪ್ರಫುಲ್ಲಾರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ, ರಸ್ತೆ ನಡುವಿನ ಕಟ್ಟೆಯ ಮೇಲೆ ನಿಂತು, ಮೂರಂತಸ್ತಿನ ಎತ್ತರದಲ್ಲಿ ನಗುತ್ತಿದ್ದ ಮಗಳು ಶರಣ್ಯಾಳನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಬಂದರು.

"ಅವಳ ಮೂಗು ನನ್ನ ಅಮ್ಮನದ್ದು ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ್ರೆ," ಎಂದು ಮರುದಿನ ವಿನೀತನ ಎದುರು ಕೂತು ಹೇಳಿದರು. "ಅಷ್ಟು ದೊಡ್ಡದು ಮಾಡಿ ನೋಡಿದ ಮೇಲೆ ಗೊತ್ತಾಯ್ತು."

ಆ ಫಲಕವನ್ನು ರೂಪಿಸಿದವನು ವಿನೀತನೇ. ಅಜ್ಜನ ಕಾಲಕ್ಕೆ ಧಾರವಾಡದಿಂದ ಪುಣೆಗೆ ಬಂದ ಮನೆತನ ಅವನದು. ಧನಕವಡಿಯಲ್ಲಿ ಮನೆ, ಅಲ್ಲಿಂದ ಸ್ವಲ್ಪ ದೂರದ ಒಂದು ಖಾಸಗಿ ವಿಶ್ವವಿದ್ಯಾಲಯದ ಸಂವಹನ ವಿಭಾಗದಲ್ಲಿ ಗ್ರಾಫಿಕ್ ಡಿಸೈನರ್ ಕೆಲಸ. ಘಟಿಕೋತ್ಸವದ ಆಮಂತ್ರಣ, ಪ್ರವೇಶದ ಕೈಪಿಡಿ, ಮಂತ್ರಿ ಬಂದರೆ ಸ್ವಾಗತದ ಬ್ಯಾನರು, ಪ್ರಾಧ್ಯಾಪಕರು ನಿವೃತ್ತರಾದರೆ ಶಾಲಿನ ಜೊತೆ ಕೊಡುವ ಮಾನಪತ್ರ, ಹೀಗೆ ಹೊರಗಿನವರ ಕಣ್ಣಿಗೆ ಬೀಳುವ ವಿಶ್ವವಿದ್ಯಾಲಯವೆಲ್ಲ ಅವನ ಕಂಪ್ಯೂಟರಿನಿಂದಲೇ ಹೊರಡುತ್ತಿತ್ತು. ಹಾಸ್ಟೆಲಿನ ಗೋಡೆಯ ಪಾಚಿ ಅಳಿಸುವುದು, ಒಣಗಿದ ಹುಲ್ಲುಹಾಸಿಗೆ ಹಸಿರು ಬಳಿಯುವುದು, ಮೋಡ ಸರಿಸಿ ನೀಲಿ ಆಕಾಶ ಕೂರಿಸುವುದು ದಿನದ ಕೆಲಸ. ಅದನ್ನು ಅವನು ಸುಳ್ಳು ಎಂದುಕೊಂಡಿರಲಿಲ್ಲ. ನೆಂಟರು ಬರುವಾಗ ಹಾಸಿಗೆಯ ಮೇಲೆ ಒಳ್ಳೆಯ ಚಾದರ ಹಾಸುತ್ತೇವಲ್ಲ, ಹಾಗೆ.

ಅಲ್ಲೇ ರಸಾಯನಶಾಸ್ತ್ರ ಓದುತ್ತಿದ್ದ ಶರಣ್ಯಾ ಅವನ ಕಣ್ಣಿಗೆ ಬಿದ್ದದ್ದು ಆ ಜಾಹೀರಾತಿಗೆ ಫೋಟೋ ತೆಗೆಸುವಾಗ. ಬಾಕಿ ಹುಡುಗ ಹುಡುಗಿಯರು ಪೊಲೀಸರೆದುರು ನಿಂತವರ ಹಾಗೆ ಬಿಗಿದುಕೊಂಡಿದ್ದರು. ಛಾಯಾಗ್ರಾಹಕ ತನ್ನದೇ ದೀಪದ ತಂತಿಗೆ ಕಾಲು ತೊಡರಿಸಿಕೊಂಡು ಮುಗ್ಗರಿಸಿದಾಗ ಇವಳೊಬ್ಬಳು ತಡೆಯಲಾರದೆ ನಕ್ಕಳು. ಆ ನಗುವೇ ಫಲಕವಾಯಿತು. ಅನುಮತಿ ಕೇಳಲು ಹೋದಾಗ ಅವಳ ತಂದೆಯೆಂದರೆ, ತಾನು ಶಿವಾಜಿನಗರದ ಮುದ್ರಣಾಲಯಕ್ಕೆ ಹೋದಾಗಲೆಲ್ಲ ತಿಂಡಿ ತಿನ್ನುವ ಹೋಟೆಲಿನ ದೇವದಾಸ್ ಎಂದು ತಿಳಿದು ವಿನೀತನಿಗೆ ಖುಷಿಯಾಗಿತ್ತು. ಅಂದಿನಿಂದ ಅವನು ಆ ಹೋಟೆಲಿನಲ್ಲಿ ಬರೀ ಗಿರಾಕಿಯಾಗಿ ಉಳಿಯಲಿಲ್ಲ.

ಫೆಬ್ರವರಿಯಲ್ಲಿ ಪ್ರಯೋಗಾಲಯದಲ್ಲಿ ಬೆಂಕಿ ಹತ್ತಿತು. ಶರಣ್ಯಾಳ ಮುಂದಿದ್ದ ಗಾಜಿನ ಪಾತ್ರೆಯ ಆವಿ ಒಮ್ಮೆಗೇ ಹೊತ್ತಿಕೊಂಡು ಮುಖಕ್ಕೆ ಹಾರಿತು. ಆಂಬುಲೆನ್ಸ್ ಹೋದ ಸ್ವಲ್ಪ ಹೊತ್ತಿಗೆ ಸಂವಹನ ವಿಭಾಗದ ಮುಖ್ಯಸ್ಥ ಅಮೇಯ ವಿನೀತನಿಗೆ ಒಂದು ಹೇಳಿಕೆ ಕಳಿಸಿದ. ಸಣ್ಣ ಅವಘಡ ನಡೆದಿದೆ, ವಿದ್ಯಾರ್ಥಿನಿ ಸುರಕ್ಷಾ ಕನ್ನಡಕ ಧರಿಸದೆ ಇದ್ದುದರಿಂದ ಗಾಯವಾಗಿದೆ, ಪ್ರಾಣಕ್ಕೆ ಅಪಾಯವಿಲ್ಲ. ವಿನೀತ ಅದಕ್ಕೆ ಬೂದು ಹಿನ್ನೆಲೆ ಆರಿಸಿದ, ಲಾಂಛನವನ್ನು ಚಿಕ್ಕದಾಗಿಸಿ ಮೂಲೆಗೆ ಇಟ್ಟ, ಸಾಲುಗಳ ನಡುವೆ ಗಾಳಿ ಬಿಟ್ಟ. ಕನ್ನಡಕ ಹಾಕಿಕೊಂಡಿದ್ದರೆ ಆಗುತ್ತಿರಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಆ ಹುಡುಗಿಯ ಮೇಲೆ ಸಿಟ್ಟೂ ಬಂತು.

ಆಸ್ಪತ್ರೆಗೆ ಒಮ್ಮೆ ಹೋದ. ಸುಟ್ಟ ಗಾಯದ ವಾರ್ಡಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೆಳಗೆ ಔಷಧಿ ಅಂಗಡಿಯ ಮುಂದೆ ದೇವದಾಸರ ಜೊತೆ ನಿಂತು ಬಂದ. "ಮಾತಾಡ್ತಾಳೆ," ಎಂದಷ್ಟೇ ಅವರು ಹೇಳಿದರು. ಆಮೇಲೆ ವಿನೀತ ಮುದ್ರಣಾಲಯದ ಕೆಲಸವನ್ನು ಫೋನಿನಲ್ಲೇ ಮುಗಿಸತೊಡಗಿದ.

ಮೇ ತಿಂಗಳು ಬಂತು. ಹೊಸ ಪ್ರವೇಶಗಳ ಗಡಿಬಿಡಿ. ಸ್ವಾರಗೇಟಿನ ಫಲಕ ಇನ್ನೂ ಹಾಗೇ ಇತ್ತು. ಅದರ ಕೆಳಗೆ ನಿಂತು ಯಾರೋ ತೆಗೆದ ಫೋಟೋ ಒಂದು, 'ಈ ಹುಡುಗಿ ಈಗ ಎಲ್ಲಿದ್ದಾಳೆ?' ಎಂಬ ಪ್ರಶ್ನೆಯೊಂದಿಗೆ ಮೊಬೈಲುಗಳಲ್ಲಿ ಓಡಾಡತೊಡಗಿತು.

ಅಮೇಯ ವಿನೀತನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. ಅವನು ಕೆಟ್ಟವನಲ್ಲ. ವಿನೀತನ ತಾಯಿಯ ಕಾಯಿಲೆಯಲ್ಲಿ ಕೇಳದೆಯೇ ರಜೆ ಕೊಟ್ಟವನು. "ಫಲಕ ಇಳಿಸಿದರೂ ಕೇಳ್ತಾರೆ, ಬಿಟ್ಟರೂ ಕೇಳ್ತಾರೆ," ಎಂದ ಮರಾಠಿಯಲ್ಲಿ. "ಅವಳು ಗುಣವಾಗಿದ್ದಾಳೆ ಅಂತ ತೋರಿಸಿಬಿಡೋಣ. ನಿನ್ನ ಹತ್ತಿರ ಅವಳ ಹಳೆಯ ಫೋಟೋಗಳು ಬೇಕಾದಷ್ಟಿವೆ. ಹೊಸ ಲ್ಯಾಬಿನಲ್ಲಿ ನಿಂತ ಹಾಗೆ ಒಂದು ಮಾಡು. ಈಗೆಲ್ಲ ಎಐ ಇದೆಯಲ್ಲ, ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ."

"ಅವಳು ಗುಣ ಆಗಿದ್ದಾಳಾ?"

"ಆಸ್ಪತ್ರೆಯಿಂದ ಮನೆಗೆ ಹೋಗಿದ್ದಾಳೆ ಅಂದ್ರೆ ಗುಣ ಆದ ಹಾಗೇ ಅಲ್ವಾ? ಮತ್ತೆ, ಗಾಗಲ್ಸ್ ಹಾಕು. ಸುರಕ್ಷತೆಯ ಸಂದೇಶವೂ ಹೋಗುತ್ತೆ."

ವಿನೀತ ಮೌಸಿನ ಮೇಲೆ ಕೈ ಇಟ್ಟ. ಆ ಕಚೇರಿಯಲ್ಲಿ ಅವನು ಯಾವ ಕೆಲಸಕ್ಕೂ ಆಗುವುದಿಲ್ಲ ಎಂದವನಲ್ಲ. ಆಗುವುದಿಲ್ಲ ಎನ್ನುವ ಮಾತು ಬಾಯಿಗೆ ಬರಬೇಕಾದ ದಾರಿಯೇ ಮುಚ್ಚಿಹೋದಂತಾಗಿತ್ತು. ಸಂಜೆಯ ಹೊತ್ತಿಗೆ ಶರಣ್ಯಾ ಹೊಸ ಪ್ರಯೋಗಾಲಯದಲ್ಲಿ ನಿಂತಿದ್ದಳು. ಕೈಯಲ್ಲಿ ನೀಲಿ ದ್ರಾವಣ, ಕಣ್ಣಿಗೆ ಪಾರದರ್ಶಕ ಕನ್ನಡಕ, ತುಟಿಯಲ್ಲಿ ಅದೇ ನಗು. ಚಿತ್ರದಲ್ಲಿ ಎಲ್ಲೂ ಒಂದು ತಪ್ಪಿರಲಿಲ್ಲ. ವಿನೀತ ದೊಡ್ಡದು ಮಾಡಿ ಕೂದಲೆಳೆಗಳನ್ನೂ ನೋಡಿದ. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಒಂದು ಗಳಿಗೆ ಹೆಮ್ಮೆಯೂ ಪಟ್ಟ. 'ಮರಳಿ ಬಂದಳು ನಮ್ಮ ಶರಣ್ಯಾ' ಎಂಬ ಸಾಲಿನೊಂದಿಗೆ ಚಿತ್ರ ವಿಶ್ವವಿದ್ಯಾಲಯದ ಪುಟಕ್ಕೆ ಏರಿತು. ಹೃದಯಗಳು, ಕೈ ಮುಗಿದ ಗುರುತುಗಳು ಸಾಲುಗಟ್ಟಿದವು.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಮೊಬೈಲು ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಗೆ ಬಂದಳು. "ಅಯ್ಯ, ಹುಡುಗಿ ಆರಾಮ ಆದ್ಲಲ್ರಿ! ಕಾಲೇಜಿಗೂ ಹೊಂಟಾಳ. ನೀವು ಒಂದ್ ಮಾತು ಹೇಳ್ಲೇ ಇಲ್ಲ ನೋಡ್ರಿ. ನಂಗ ಎಷ್ಟು ಸಮಾಧಾನ ಆತು."

ವಿನೀತ ಬೂಟಿನ ಲೇಸು ಕಟ್ಟುತ್ತಿದ್ದ. "ಹೂಂ," ಎಂದ.

ಕಚೇರಿ ಮುಟ್ಟುವ ಮೊದಲೇ ದೇವದಾಸರ ಫೋನು ಬಂತು. ಅವರು ಕೂಗಾಡಲಿಲ್ಲ. "ಊರಿಂದ ಎಲ್ಲ ಫೋನು ಮಾಡ್ತಾ ಇದ್ದಾರೆ. ಮಗಳು ಗುಣ ಆಗಿದ್ದಾಳೆ, ನಮಗೆ ಯಾಕೆ ಮುಚ್ಚಿಟ್ಟಿದ್ದು ಅಂತ ಕೇಳ್ತಾರೆ. ನಾನು ಎಂತ ಹೇಳುದು ವಿನೀತರೇ? ನೀವು ಒಮ್ಮೆ ಮನೆಗೆ ಬನ್ನಿ. ಅವಳೇ ಕರೀತಿದ್ದಾಳೆ."

"ಬರ್ತೀನ್ರಿ," ಎಂದ ವಿನೀತ.

ಹೋಟೆಲಿನ ಮೇಲೆಯೇ ಅವರ ಮನೆ. ಪ್ರಫುಲ್ಲಾ ಬಾಗಿಲು ತೆರೆದು, ಬನ್ನಿ ಎಂದೂ ಅನ್ನದೆ ಒಳಗೆ ಸರಿದು ನಿಂತರು. ಕಿಟಕಿಯ ಪಕ್ಕ ಶರಣ್ಯಾ ಕೂತಿದ್ದಳು. ವಿನೀತ ಮೊದಲು ನೆಲ ನೋಡಿದ, ಆಮೇಲೆ ಕ್ಯಾಲೆಂಡರು ನೋಡಿದ. ಕೊನೆಗೆ ಅವಳನ್ನು ನೋಡಲೇಬೇಕಾಯಿತು.

ಬಲಗೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಎಳೆದು ಕಟ್ಟಿದಂತೆ ಬಿಗಿದು ಹೊಳೆಯುತ್ತಿತ್ತು. ಬಾಯಿಯ ಒಂದು ಕೊನೆ ಕೆಳಗೆ ಜಗ್ಗಿತ್ತು. ಹಣೆಯ ಮೇಲೆ ಕೆಂಪು ಗಂಟುಗಳು. ಆದರೆ ಕಣ್ಣುಗಳ ಸುತ್ತ ಮಾತ್ರ, ಹುಬ್ಬಿನಿಂದ ಕೆನ್ನೆಯ ಮೂಳೆಯವರೆಗೆ, ಬೆಂಕಿ ಮುಟ್ಟಿಯೇ ಇರಲಿಲ್ಲ. ಯಾರೋ ಗೆರೆ ಹಾಕಿ ಬಿಟ್ಟಂತೆ ಅಷ್ಟಗಲ ಹಳೆಯ ಚರ್ಮ ನುಣ್ಣಗೆ ಉಳಿದಿತ್ತು. ಅದರ ಅಂಚಿನಿಂದ ಕಿವಿಯ ಕಡೆಗೆ ಪಟ್ಟಿಯಷ್ಟು ಅಗಲದ ಬಿಳಿ ದಾರಿ.

"ಸರ್, ಆ ಫೋಟೋದಲ್ಲಿ ನನಗೆ ಗಾಗಲ್ಸ್ ಹಾಕಿದ್ದೀರಿ," ಎಂದಳು. ಮಾತು ತುಸು ತೊದಲುತ್ತಿತ್ತು.

ವಿನೀತ ತಲೆಯಾಡಿಸಿದ.

"ಆವತ್ತೂ ಹಾಕಿದ್ದೆ." ಬೆರಳಿನಿಂದ ಕಣ್ಣಿನ ಸುತ್ತ ಗೆರೆ ಎಳೆದು ತೋರಿಸಿದಳು. "ಅದಿಲ್ಲದಿದ್ರೆ ಎರಡೂ ಕಣ್ಣು ಹೋಗ್ತಿತ್ತು ಅಂದ್ರು ಡಾಕ್ಟರು. ಹೊಗೆ ಎಳೆಯುವ ಫ್ಯಾನು ದೀಪಾವಳಿಯಿಂದ ಕೆಟ್ಟಿತ್ತು ಸರ್. ಲ್ಯಾಬಿನ ಸದಾನಂದ ಕಾಕಾ ಹೇಳಿ ಹೇಳಿ ಸಾಕಾಗಿದ್ರು. ಆದ್ರೆ ಹೇಳಿಕೆಯಲ್ಲಿ ನಾನು ಗಾಗಲ್ಸ್ ಹಾಕಿರಲಿಲ್ಲ ಅಂತ ಬಂತು. ಅದನ್ನೂ ನೀವೇ ಮಾಡಿದ್ದಾ?"

"ಬರೆದಾವ ನಾ ಅಲ್ಲವ್ವಾ. ಜೋಡಿಸಿದಾವ ನಾನ," ಎಂದ ವಿನೀತ. ಹೇಳಿದ ಮೇಲೆ ಆ ಎರಡು ಮಾತುಗಳ ನಡುವಿನ ಅಂತರ ಎಷ್ಟು ಕಿರಿದೆಂದು ಅವನಿಗೇ ಕೇಳಿಸಿತು.

ಶರಣ್ಯಾ ಕಿಟಕಿಯ ಕಡೆ ತಿರುಗಿದಳು. "ಆ ಫೋಟೋ ತೆಗೀರಿ. ನನಗೆ ಬೇರೆ ಏನೂ ಬೇಡ. ನಾನು ಇಲ್ಲಿ ಕೂತಿರುವಾಗ ಅವಳು ಅಲ್ಲಿ ಓಡಾಡ್ಕೊಂಡಿರೋದು ಬೇಡ."

ವಿನೀತ ನೇರ ಕಚೇರಿಗೆ ಬಂದು ಅಮೇಯನೆದುರು ನಿಂತ. ಚಿತ್ರ ತೆಗೆಯಬೇಕು ಎಂದ. ಪ್ರವೇಶ ಮುಗಿಯಲಿ, ನಾನೇ ತೆಗೆಸುತ್ತೇನೆ ಎಂದ ಅಮೇಯ.

"ಆವತ್ತು ಅವಳು ಗಾಗಲ್ಸ್ ಹಾಕಿದ್ದಳು. ನಾನು ಮುಖ ನೋಡಿ ಬಂದೆ."

ಅಮೇಯ ಎದ್ದು ಬಾಗಿಲು ಮುಚ್ಚಿ ಬಂದ. ತುಂಬ ದಣಿದವನ ಹಾಗೆ ಹಣೆ ತಿಕ್ಕಿಕೊಂಡ. "ಗೊತ್ತು," ಎಂದ. "ಅವತ್ತೇ ಗೊತ್ತಿತ್ತು. ಏನು ಮಾಡಲಿ ಹೇಳು? ಮೇಲಿನಿಂದ ಬಂದ ಸಾಲು ಅದು."

ವಿನೀತ ತನ್ನ ಜಾಗಕ್ಕೆ ಬಂದು ಕೂತ. ವಿಶ್ವವಿದ್ಯಾಲಯದ ಪುಟದ ಪಾಸ್‌ವರ್ಡ್ ಅವನ ಹತ್ತಿರವೇ ಇತ್ತು. ಚಿತ್ರವನ್ನು ಅಳಿಸಿದ. ಅಲ್ಲಿಗೆ ನಿಲ್ಲಬಹುದಿತ್ತು, ಅವಳು ಕೇಳಿದ್ದು ಅಷ್ಟನ್ನೇ. ಆದರೆ ಬಸ್ಸಿನಲ್ಲಿ ಬರುವಾಗ ಎದೆಯೊಳಗೆ ಹೊತ್ತಿಕೊಂಡದ್ದು ಅಷ್ಟಕ್ಕೆ ಆರಲಿಲ್ಲ. ಖಾಲಿ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ, ಲಾಂಛನವಿಲ್ಲದೆ, ಮರಾಠಿಯಲ್ಲಿ ಬರೆದ: ನಿನ್ನೆಯ ಚಿತ್ರ ಕಂಪ್ಯೂಟರಿನಲ್ಲಿ ನಾನು ತಯಾರಿಸಿದ್ದು. ಶರಣ್ಯಾ ಗುಣವಾಗಿಲ್ಲ. ಅಪಘಾತದ ದಿನ ಅವಳು ಸುರಕ್ಷಾ ಕನ್ನಡಕ ಧರಿಸಿದ್ದಳು. ಅದರ ಗುರುತು ಅವಳ ಮುಖದ ಮೇಲಿದೆ. ಕೆಟ್ಟಿದ್ದು ಪ್ರಯೋಗಾಲಯದ ಫ್ಯಾನು. ಕೆಳಗೆ ತನ್ನ ಹೆಸರು ಹಾಕಿ ಪ್ರಕಟಿಸಿದ.

ಅದು ಪುಟದಲ್ಲಿ ಉಳಿದದ್ದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಊರೆಲ್ಲ ಅದರ ಪ್ರತಿ ಹಂಚಿಕೊಂಡಿತ್ತು. ಸಂಜೆ ಕಾವಲುಗಾರನೊಬ್ಬ ವಿನೀತನ ಪಕ್ಕ ನಿಂತು, ಅವನು ಚೀಲ ತುಂಬಿಕೊಳ್ಳುವುದನ್ನು ನೋಡುತ್ತಿದ್ದ. ಪುಟವನ್ನು ಅತೃಪ್ತ ಉದ್ಯೋಗಿಯೊಬ್ಬ ದುರುಪಯೋಗಪಡಿಸಿಕೊಂಡಿದ್ದಾನೆ ಎಂದು ಹೊಸ ಹೇಳಿಕೆ ಬಂತು. ಅದನ್ನು ಯಾರು ಜೋಡಿಸಿದರೋ, ಸಾಲುಗಳು ಇಕ್ಕಟ್ಟಾಗಿದ್ದವು.

ಇಷ್ಟಾದರೂ ವಿನೀತನ ಮನಸ್ಸು ಹಗುರವಾಗಿತ್ತು. ಆ ಹಗುರ ಮರುದಿನ ಬೆಳಗಿನವರೆಗೂ ಉಳಿಯಿತು. ದೇವದಾಸರಿಗೆ ಹೇಳಿ ಬರೋಣವೆಂದು ಹೋದರೆ, ಹೋಟೆಲಿನ ಮುಂದೆ ಕ್ಯಾಮೆರಾಗಳು ಮುತ್ತಿದ್ದವು. ಮುಖದ ಮೇಲಿನ ಆ ಗುರುತನ್ನು ಒಮ್ಮೆ ತೋರಿಸಿ ಸಾಕು ಎಂದು ಟಿವಿಯವರು ಮೆಟ್ಟಿಲ ಮೇಲೆಯೇ ಕೂತಿದ್ದರು. ದೇವದಾಸ್ ಕೈ ಮುಗಿದು ಅವರನ್ನು ಇಳಿಸುತ್ತಿದ್ದರು. ವಿನೀತನನ್ನು ಕಂಡು ಹಿಂಬಾಗಿಲಿನಿಂದ ಮೇಲೆ ಕರೆದೊಯ್ದರು.

ಶರಣ್ಯಾ ಇದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದಲೇ ಮಾತಾಡಿದಳು.

"ಸುಳ್ಳು ಹಾಕುವಾಗಲೂ ನನ್ನನ್ನ ಕೇಳಲಿಲ್ಲ. ನಿಜ ಹಾಕುವಾಗಲೂ ಕೇಳಲಿಲ್ಲ. ಫೋಟೋ ತೆಗೀರಿ ಅಂತ ಮಾತ್ರ ಹೇಳಿದ್ದೆ ಅಲ್ವಾ ಸರ್?"

"ನಿನಗ ನ್ಯಾಯ ಸಿಗಲಿ ಅಂತ..." ವಿನೀತ ಬಾಗಿಲಿಗೆ ಹೇಳಿದ.

"ಹೋಗಿ ನೀವು," ಎಂದಳು. ದೇವದಾಸ್ ಅವನ ಭುಜ ಮುಟ್ಟಿ, ಬೈಯದೆ, ಮೆಟ್ಟಿಲು ತೋರಿಸಿದರು.

ಸುದ್ದಿಯ ಒತ್ತಡಕ್ಕೆ ವಿಚಾರಣಾ ಸಮಿತಿಯೊಂದು ಕೂತಿತು. ಶರಣ್ಯಾ ತಾಯಿಯ ಜೊತೆ ಬಂದು, ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿ ಕೂತಳು. ವಿನೀತ ಸಾಕ್ಷಿಯಾಗಿ ಆಚೆ ಕುರ್ಚಿಯಲ್ಲಿದ್ದ. ಸಮಿತಿಯ ಹಿರಿಯರು ಪ್ರಶ್ನೆಗಳನ್ನು ತಮ್ಮ ಮುಂದಿನ ಕಾಗದಗಳಿಗೆ ಕೇಳುತ್ತಿದ್ದರು. ತಲೆ ಎತ್ತಿ ಅವಳನ್ನು ನೋಡುವ ಧೈರ್ಯ ಯಾರಿಗೂ ಆಗಲಿಲ್ಲ. ಕಂಡರೆ ಬರೆಯಬೇಕಾಗುತ್ತದಲ್ಲ. ಹೇಳಿಕೆಯ ಸಾಲು ಯಾರದು ಎಂದಾಗ, ಕರಡು ಡಿಸೈನರ್ ಕಡೆಯಿಂದ ಬಂತು ಎಂದ ಅಮೇಯ. ಅವನೂ ಕಾಗದ ನೋಡುತ್ತಲೇ ಹೇಳಿದ.

ಕೊನೆಗೆ ತಪ್ಪು ಸಿಕ್ಕಿತು. ಫ್ಯಾನು ಕೆಟ್ಟಿರುವುದನ್ನು ಸರಿಯಾದ ಕ್ರಮದಲ್ಲಿ ಮೇಲಧಿಕಾರಿಗಳ ಗಮನಕ್ಕೆ ತರಲಿಲ್ಲ ಎಂದು ಪ್ರಯೋಗಾಲಯದ ಸಹಾಯಕ ಸದಾನಂದನನ್ನು ಕೆಲಸದಿಂದ ತೆಗೆದರು. ನಿವೃತ್ತಿಗೆ ಹತ್ತಿರ ಬಂದಿದ್ದ ಮನುಷ್ಯ. ವಿನೀತ ಅವನ ಮನೆ ಹುಡುಕಿಕೊಂಡು ಹೋದಾಗ, ಸದಾನಂದನ ಹೆಂಡತಿ ಬಾಗಿಲಲ್ಲೇ ನಿಂತು, "ನೀವು ಬರೆಯುವ ತನಕ ಯಾರಿಗೂ ಫ್ಯಾನಿನ ನೆನಪಿರಲಿಲ್ಲ," ಎಂದು ಹೇಳಿ ಕದ ಹಾಕಿಕೊಂಡಳು.

ಜೂನ್ ಮುಗಿಯುವಷ್ಟರಲ್ಲಿ ಸ್ವಾರಗೇಟಿನ ಫಲಕಕ್ಕೆ ಬೇರೆ ಹುಡುಗಿ ಬಂದಳು. ಪ್ರವೇಶಗಳು ಎಂದಿನಂತೆ ತುಂಬಿದವು. ವಿನೀತನಿಗೆ ಬೇರೆ ಯಾವ ವಿಶ್ವವಿದ್ಯಾಲಯವೂ ಕೆಲಸ ಕೊಡಲಿಲ್ಲ. ಧನಕವಡಿಯ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಗಲ್ಲಿ ನಾಯಕರ ಹುಟ್ಟುಹಬ್ಬದ ಬ್ಯಾನರು ಮಾಡತೊಡಗಿದ. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿ ಎಂದು ಗಿರಾಕಿಗಳು ಹೇಳುತ್ತಿದ್ದರು, ಅವನು ಮಾಡುತ್ತಿದ್ದ. ಹೆಂಡತಿ ಅವನನ್ನು ಯಾವತ್ತೂ ಬೈಯಲಿಲ್ಲ. ಒಮ್ಮೆ ಮಾತ್ರ, "ಆವತ್ತ ಬೆಳಿಗ್ಗಿ ನಾ ಆ ಫೋಟೋ ತೋರಿಸಿದಾಗ, ಖರೆ ಏನದ ಅಂತ ನನಗರ ಹೇಳಬೇಕಿತ್ತಲ್ರಿ," ಎಂದಳು.

ದಸರೆ ಕಳೆದ ಮೇಲೆ ಅಂಗಡಿಯ ಕೆಲಸಕ್ಕೆಂದು ಶಿವಾಜಿನಗರಕ್ಕೆ ಹೋಗಬೇಕಾಯಿತು. ಎರಡು ಸಲ ಹೋಟೆಲನ್ನು ದಾಟಿ ಹೋಗಿ, ಮೂರನೆಯ ಸಲ ಒಳಗೆ ಕಾಲಿಟ್ಟ. ಗಲ್ಲಾದ ಮೇಲೆ ಶರಣ್ಯಾ ಕೂತಿದ್ದಳು. ಮುಖಕ್ಕೆ ಏನನ್ನೂ ಸುತ್ತಿಕೊಂಡಿರಲಿಲ್ಲ. ಸಾಲಿನಲ್ಲಿ ನಿಂತವರು ಮೊಬೈಲು ನೋಡುತ್ತ, ಗೋಡೆಯ ದರಪಟ್ಟಿ ನೋಡುತ್ತ ಹೇಳಬೇಕಾದ್ದನ್ನು ಹೇಳಿ ಸರಿಯುತ್ತಿದ್ದರು. ಅವಳು ಮಾತ್ರ ಒಬ್ಬೊಬ್ಬರನ್ನೂ ನೇರ ನೋಡುತ್ತಿದ್ದಳು.

ವಿನೀತನ ಸರದಿ ಬಂತು. "ಹೆಂಗದೀ ಅವ್ವಾ?" ಎಂದು ಮೆಲ್ಲಗೆ ಕೇಳಿದ.

ಶರಣ್ಯಾ ಅವನನ್ನು ನೋಡಿದಳು. ಗುರುತು ಹಿಡಿದದ್ದು ಅವಳ ಕಣ್ಣಿನಲ್ಲಿ ಕಂಡಿತು.

"ಕಾಯ್ ಪಾಹಿಜೆ?" ಎಂದಳು. ಏನು ಬೇಕು ಎಂದು, ಗುರುತಿಲ್ಲದ ಯಾರನ್ನಾದರೂ ಕೇಳುವ ಹಾಗೆ, ಮರಾಠಿಯಲ್ಲಿ.

ವಿನೀತ ಮರಾಠಿಯಲ್ಲೇ ಎರಡು ಇಡ್ಲಿ ಹೇಳಿದ. ಅವಳು ಚೀಟಿ ಹರಿದು ಕೊಟ್ಟು, ಅವನ ಹಿಂದಿದ್ದವನ ಕಡೆ ನೋಡಿದಳು. ವಿನೀತ ಗೋಡೆಗೆ ಒತ್ತಿಕೊಂಡು ನಿಂತು ಇಡ್ಲಿ ತಿಂದ, ತಟ್ಟೆಯನ್ನು ತೊಟ್ಟಿಯಲ್ಲಿಟ್ಟ, ಕೈ ತೊಳೆದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬೀದಿಗೆ ಇಳಿದ.