ವುಜೂ ನಲ್ಲಿಯ ಬಳ್ಳಿ

ಮೊಳಕಾಲ್ಮುರಿನ ಆ ಓಣಿಯಲ್ಲಿ ವರ್ಷವಿಡೀ ಒದ್ದೆಯಿರುವ ನೆಲವೆಂದರೆ ಸಕೀನಾ ಬೀ ಮನೆಯ ಹಿತ್ತಿಲ ಮೂಲೆಯೊಂದೇ. ನಮಾಜಿಗೆ ಮುಂಚೆ ಆಕೆ ನಲ್ಲಿಯಡಿ ವುಜೂ ಮಾಡಿ ಕೈಕಾಲು ತೊಳೆದ ನೀರು ಐದು ಹೊತ್ತೂ ಅಲ್ಲಿಗೇ ಹರಿಯುತ್ತಿತ್ತು. ತನ್ನ ಪುಣ್ಯದ ನೀರಿಗೆ ಪುದೀನವೇ ಬೆಳೆಯಬೇಕೆಂದು ಆಕೆಯ ಆಸೆ. ಸೊಸೆ ಫರ್ಜಾನಾ ಮಾತ್ರ ಮೊಬೈಲಿನಲ್ಲಿ ತಟ್ಟೆಯಗಲದ ನೇರಳೆ ಹೂ ನೋಡಿ, ಕ್ಲೆಮ್ಯಾಟಿಸ್ ಎಂಬ ಬಳ್ಳಿಯನ್ನು ಪಾರ್ಸಲ್ ತರಿಸಿಬಿಟ್ಟಳು. ಬಿಚ್ಚಿದರೆ ಪೊರಕೆಕಡ್ಡಿಯಂಥ ಎರಡು ಕಡ್ಡಿ.

"ಇದನ್ನ ತಿನ್ನಬೌದಾ?" ಅತ್ತೆ ಕೇಳಿದಳು.

"ಇಲ್ಲ ಅಮ್ಮೀ."

"ಮುಡಕೋಬೌದಾ?"

"ವಾಸನೆ ಇರಲ್ಲ. ಸುಮ್ನೆ ನೋಡಕ್ಕೆ."

"ಹಂಗಾರೆ ನನ್ನ ಮಗನ ಥರ."

ಗ್ಯಾರೇಜಿಗೆ ಹೊರಟಿದ್ದ ದಾದಾಪೀರ್ ಅದನ್ನು ಹೊಗಳಿಕೆಯೆಂದೇ ತಿಳಿದು ಮೀಸೆ ತೀಡಿಕೊಂಡ.

ಕೊನೆಗೆ ಒಪ್ಪಂದವಾಯಿತು. ರಂಜಾನ್ ಚಂದ್ರ ಕಾಣುವುದರೊಳಗೆ ಒಂದು ಹೂವಾದರೂ ಬಿಡಬೇಕು. ಇಲ್ಲದಿದ್ದರೆ ಬಳ್ಳಿ ತಿಪ್ಪೆಗೆ, ಮೂಲೆ ಪುದೀನಕ್ಕೆ.

ನೆಟ್ಟ ಹೊಸದರಲ್ಲೇ ಎಲೆ ಹಳದಿಯಾಯಿತು. ಬಳ್ಳಿಗೆ ತಂಪು ಬೇಕು, ಆದರೆ ಬೇರು ನೀರಲ್ಲಿ ನೆನೆಯುತ್ತ ಕೂರಬಾರದು. ಫರ್ಜಾನಾ ಅದನ್ನೆತ್ತಿ, ತಳಕ್ಕೆ ಒಡೆದ ಹೆಂಚು ಸುರಿದು, ಎಣ್ಣೆಮಿಲ್ಲಿನಿಂದ ತಂದ ಶೇಂಗಾ ಸಿಪ್ಪೆಯನ್ನು ಮಣ್ಣಿಗೆ ಬೆರೆಸಿ, ದಿಬ್ಬ ಮಾಡಿ ನೆಟ್ಟಳು. ಬಳ್ಳಿ ಚೇತರಿಸಿಕೊಂಡು, ದಾದಾಪೀರ್ ಕಟ್ಟಿಕೊಟ್ಟ ಹಳೇ ಕ್ಲಚ್ ವೈರು ಹಿಡಿದು ಗೋಡೆ ಹತ್ತಿತು. ಎಲೆಯೋ ಎಲೆ. ಮೊಗ್ಗಿನ ಸುಳಿವಿಲ್ಲ.

ಅಷ್ಟರಲ್ಲಿ ಕೊಂಡ್ಲಹಳ್ಳಿಯ ಚಿಕ್ಕೀರಪ್ಪನ ಮೊಪೆಡ್ ದಾರಿಯಲ್ಲಿ ಕೈಕೊಟ್ಟಿತು. ದಾದಾಪೀರ್ ರಿಪೇರಿ ಮಾಡಿ, ಕಾಸು ಬೇಡವೆಂದ. ಕುರಿ ಕಾಯುವವನು ಋಣ ಇಟ್ಟುಕೊಳ್ಳುತ್ತಾನೆಯೇ? ಉಪಕಾರ ಮಾಡಿದವರ ಹೊಲದಲ್ಲಿ ಮಂದೆ ತರುಬಿ, ಹಿಕ್ಕೆಯ ಗೊಬ್ಬರ ಬೀಳಿಸುವುದು ಆ ಕಡೆಯ ದೊಡ್ಡ ಮರ್ಯಾದೆ. ಮೆಕ್ಯಾನಿಕ್‌ಗೆ ಹೊಲವೆಲ್ಲಿ? ಹಿತ್ತಿಲಿತ್ತು.

ಚಳ್ಳಕೆರೆಯ ತವರಿಗೆ ಹೋಗಿದ್ದ ಫರ್ಜಾನಾ ಬಸ್ಸಿಳಿದು ಮನೆಗೆ ಬಂದರೆ ಹಿತ್ತಿಲ ತುಂಬ ಕುರಿ. ಬಳ್ಳಿಯ ಜಾಗದಲ್ಲಿ ಗೇಣುದ್ದದ ಮೋಟು. ಪಕ್ಕದಲ್ಲೊಂದು ಆಡು ಕೊನೆಯ ಎಲೆ ಅಗಿಯುತ್ತ ಅವಳನ್ನೇ ನೋಡಿತು.

"ಇನ್ ಮೂರು ವರ್ಷ ಗೊಬ್ಬರದ ಮಾತೇ ಬ್ಯಾಡ ಕಣಕ್ಕಾ," ಎಂದ ಚಿಕ್ಕೀರಪ್ಪ, ಕೋಲಿಗೆ ಗದ್ದ ಊರಿ. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದ್ರೆ ಇದನ್ನ ತಿಂದು ಯಾಕೋ ಸೀನ್ತು. ಎಂಥ ಕಳೆ ಬೆಳ್ಸಿದ್ರಿ?"

ಮರ್ಯಾದೆ ಮಾಡಲು ಬಂದವನನ್ನು ಬೈಯುವ ಹಾಗಿಲ್ಲ. ಫರ್ಜಾನಾ ಹಲ್ಲುಕಚ್ಚಿ ಚಾ ಮಾಡಿಕೊಟ್ಟಳು. ಅವನು ಸಕ್ಕರೆ ಕಮ್ಮಿ ಎಂದ.

ಮರುದಿನವೇ ಸಕೀನಾ ಬೀ ಪುದೀನದ ಬೇರು ತಂದಳು.

"ಚಂದ್ರ ಇನ್ನೂ ಕಂಡಿಲ್ಲ ಅಮ್ಮೀ."

"ನಿನ್ನ ಮೋಟು ನಾನ್ ಮುಟ್ಟಲ್ಲಮ್ಮಾ. ಸುತ್ತ ಹಾಕ್ತೀನಿ. ಸುತ್ತ ಹಾಕ್ಬಾರ್ದು ಅಂತ ಮಾತಾಗಿತ್ತಾ?"

ಆಗಿರಲಿಲ್ಲ. ಪುದೀನ ಸೊಕ್ಕಿ ಹಬ್ಬಿ ದಿಬ್ಬಕ್ಕೆ ನೆರಳಾಯಿತು. ಆ ತಂಪಿಗೋ, ಹಿಕ್ಕೆಯ ಕಾವಿಗೋ, ಮೋಟಿನಿಂದ ಮೂರು ಚಿಗುರು ಹೊರಟವು. ಆ ಜಾತಿಯ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನಲ್ಲಿ ಮಾತ್ರವಂತೆ. ಕತ್ತರಿ ಹಾಕಬೇಕೆಂದು ಫರ್ಜಾನಾಗೆ ಯಾರೂ ಹೇಳಿರಲಿಲ್ಲ, ಆಡು ಯಾರನ್ನೂ ಕೇಳಿರಲಿಲ್ಲ. ಚಿಗುರೊಂದರ ತುದಿಯಲ್ಲಿ ಮೊಗ್ಗು ಬಂತು. ಬಂದದ್ದು ಬಿಗಿದುಕೊಂಡೇ ಕೂತಿತು.

ಚಂದ್ರ ನೋಡುವ ಸಂಜೆ ಓಣಿಯೆಲ್ಲ ಮಾಳಿಗೆಯ ಮೇಲಿತ್ತು. ಫರ್ಜಾನಾ ಒಬ್ಬಳೇ ಮೊಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೇಲೆ ಗದ್ದಲವಾಯಿತು. ಸಕೀನಾ ಬೀ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

"ಕಂಡ್ತು," ಎಂದಳು.

"ಅಮ್ಮೀ, ಇದು ಇನ್ನೂ..." ಫರ್ಜಾನಾ ಅಡ್ಡವಿದ್ದ ಪುದೀನ ಸರಿಸಿದಳು. "ಒಂದೇ ಎಸಳು ಬಿಚ್ಚೈತೆ."

ಸಕೀನಾ ಬೀ ಬ್ಯಾಟರಿ ಹಾಕಿ ಬಗ್ಗಿ ನೋಡಿದಳು. ನೇರಳೆಯ ಒಂದು ಗೆರೆ, ಉಗುರು ಕತ್ತರಿಸಿ ಬಿಸಾಕಿದಷ್ಟು.

"ಚಂದ್ರನೂ ಅಷ್ಟೇ ಕಂಡಿದ್ದು," ಎಂದಳು. "ನಾವೇನು ಹುಣ್ಣಿಮೆ ಆಗ್ಲಿ ಅಂತ ಕಾಯ್ತೀವಾ? ಲೆಕ್ಕಕ್ಕೆ ಬಂತು, ಬಿಡು."

ಒಂದು ಹಿಡಿ ಪುದೀನ ಕಿತ್ತು ಸೆರಗಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು.

"ಆ ಆಡಿಗೆ ಹೇಳಿ ಕಳ್ಸು. ಮುಂದಿನ್ ವರ್ಷ ಒಂದು ವಾರ ಮುಂಚೆ ಬರ್ಲಿ."