ತಂತಿ ಹಿಡಿದ ಅತ್ತೆ

ಮೂರು ಗೀಟು, ಅಲ್ಲ ಎರಡು, ಮತ್ತೆ ಮೂರು — ಫೋನಿನ ಮೂಲೆಯಲ್ಲಿ ಮೀನಿನ ಮರಿಗಳ ಹಾಗೆ ಸಿಗ್ನಲ್ ಏಳುತ್ತದೆ, ಮುಳುಗುತ್ತದೆ, ಅವಳು ರೆಪ್ಪೆ ಹೊಡೆಯಲಿಲ್ಲ, ಹೊಡೆದರೆ ಆ ಗಾಳಿಗೇ ಒಂದು ಗೀಟು ಹಾರಿಹೋದೀತು, ಕಿಟಕಿಯಾಚೆ ಹಿತ್ತಿಲಲ್ಲಿ ಅತ್ತೆ ಬಟ್ಟೆ ಒಣಹಾಕುವ ತಂತಿ ಹಿಡಿದು ನಿಂತಿದ್ದಾರೆ, ಬಿಟ್ಟರೆ ಆಕಾಶವೇ ಕಳಚಿ ಬೀಳುವ ಹಾಗೆ, ಅವಳ ಕಿವಿಯಲ್ಲಿ ಎಲ್ಲೋ ದೂರದ ಮೇಷ್ಟ್ರು ಎಲೆ ಹೇಗೆ ಉಸಿರಾಡುತ್ತದೆಂದು ಪಾಠ ಮಾಡುತ್ತಿದ್ದಾರೆ, ಅವರು ಆಡಿದ್ದನ್ನು ಆಡಿದ ಹಾಗೇ ಫೋನಿಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಬೇಕು, ಕಿವಿ ಕೇಳದ ಹನ್ನೊಂದು ಮಕ್ಕಳು ಅದನ್ನು ಪರದೆಯ ಮೇಲೆ ಓದಿಕೊಳ್ಳುತ್ತಾರೆ, ಇವತ್ತು ಅವಳಿಗೆ ಒಂದು ಗಂಟೆಯ ಪರೀಕ್ಷೆ, ಲೈನು ಒಮ್ಮೆ ಕಟ್ಟಾದರೂ ಕೆಲಸ ಬೇರೆಯವರಿಗೆ ಎಂದಿದ್ದಾರೆ ಮೇಲ್ವಿಚಾರಕಿ, ನಿಮ್ಮನೇಲಿ ನೆಟ್ ಚೆನ್ನಾಗಿದೆ ತಾನೆ, ಅಯ್ಯೋ ಮೇಡಂ, ಹೊಳೆ ಹರಿದ ಹಾಗೆ ಹರಿಯುತ್ತೆ — ಎಲುಬಿಲ್ಲದ ನಾಲಿಗೆ — ಹಾಗೆ ಹೇಳುವಾಗ ಅವಳು ನಿಂತಿದ್ದದ್ದು ನೀರಿನ ಟ್ಯಾಂಕಿನ ಮೇಲೆ, ಒಂಟಿ ಕಾಲಿನಲ್ಲಿ.

ದನದ ಡಾಕ್ಟರಾದ ಗಂಡನಿಗೆ ಈ ಊರಿಗೆ ವರ್ಗವಾದ ಮೇಲೆ ಅವಳು ಸಿಗ್ನಲ್ ಹುಡುಕಿದ ಪರಿಗೆ ಇನ್ನೊಬ್ಬರಾದರೆ ಹೊಸ ಖಂಡವನ್ನೇ ಕಂಡುಹಿಡಿಯುತ್ತಿದ್ದರು, ಅಟ್ಟ, ಬಣವೆಯ ನೆತ್ತಿ, ಬೀರುವಿನ ಒಳಗೆ, ಕೊಟ್ಟಿಗೆಯಲ್ಲಿ ಹಸು ಫೋನು ನೆಕ್ಕಿದಾಗ ಅರ್ಧ ಗೀಟು ಬಂತು ಎಂದು ಆಣೆಯಿಟ್ಟು ಹೇಳುತ್ತಾಳೆ, ಆಮೇಲೆ ಒಂದು ಬೆಳಿಗ್ಗೆ, ಅತ್ತೆ ಒದ್ದೆ ಹೊದಿಕೆ ಹರವಲು ತಂತಿ ಹಿಡಿದದ್ದೇ ತಡ, ಕಿಟಕಿಯ ಮೇಲಿಟ್ಟ ಫೋನಿನಲ್ಲಿ ತಿಂಗಳ ಸಂದೇಶಗಳೆಲ್ಲ ಬಾಣಲೆಯ ಸಾಸಿವೆಯಂತೆ ಸಿಡಿದವು, ಅತ್ತೆ ಕೈ ತೆಗೀರಿ, ತೆಗೆದರು, ಗೀಟು ಹೋಯಿತು, ಹಿಡೀರಿ, ಬಂತು, ಮೂಲೆಗಿಟ್ಟ ಒನಕೆ ಕಣೇ ನಾನು ಎಂದು ವರ್ಷವಿಡೀ ಗೊಣಗುತ್ತಿದ್ದ ಅತ್ತೆ ಅಂದಿನಿಂದ ಒಂದಡಿ ಎತ್ತರವಾದರು, ಟವರ್ ಗಿವರ್ ಎಲ್ಲ ಸುಳ್ಳು, ನೆಟ್ ಇರೋದು ನನ್ನ ಮೈಯಲ್ಲಿ, ಪಕ್ಕದ ಮನೆಯ ದರ್ಜಿ ಹೆಂಗಸು ಸೂಜಿ ಬಾಯಲ್ಲಿಟ್ಟುಕೊಂಡೇ, ಹಾಗಾದ್ರೆ ಅಕ್ಕ, ರೀಚಾರ್ಜು ನಿಮಗೇ ಮಾಡಿಸ್ಬೇಕೇನೋ, ಇವತ್ತು ಆ ಅತ್ತೆ ತುಟಿಗಳ ನಡುವೆ ಎರಡು ಕ್ಲಿಪ್ಪು ಕಚ್ಚಿಕೊಂಡಿದ್ದಾರೆ, ಮಾತಾಡಿದ್ರೆ ಅಲ್ಲಾಡ್ತೀನಿ, ಅಲ್ಲಾಡಿದ್ರೆ ನಿನ್ನ ಕೆಲಸ ಹೋಗುತ್ತೆ ಎಂದು ಕಚ್ಚುವ ಮೊದಲೇ ಹೇಳಿದ್ದರು, ನಿದ್ದೆಯಲ್ಲೂ ಬಾಯಿ ಮುಚ್ಚದ ಅತ್ತೆ.

ಎಲೆಯ ಅಡಿಯಲ್ಲಿ ಸಣ್ಣ ಬಾಯಿಗಳಿವೆ, ಟೈಪು ಮಾಡಿದಳು, ಅವು ತೆರೆಯುತ್ತವೆ, ಮುಚ್ಚುತ್ತವೆ, ನಲವತ್ತನೇ ನಿಮಿಷ, ಬಿಸಿಲಿನಲ್ಲಿ ಎಲ್ಲವೂ ನೀರೊಳಗಿದ್ದಂತೆ ತೇಲುತ್ತಿದೆ, ಅತ್ತೆಯ ತೋಳು ನಡುಗುತ್ತಿದೆ, ಬಿಡಬೇಡಿ, ಇನ್ನು ಇಪ್ಪತ್ತೇ ನಿಮಿಷ, ಬಿಟ್ಟರು, ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು, ಅಂಗೈಗೆ ಅಡ್ಡವಾಗಿ ತುಕ್ಕಿನ ಗೆರೆ, ಅದನ್ನು ಹೆಬ್ಬೆರಳಿನಲ್ಲಿ ತಿಕ್ಕುತ್ತಾರೆ, ಹೋಯಿತು, ಎಲ್ಲ ಹೋಯಿತು ಎಂದು ಅವಳು ಫೋನು ನೋಡಿದಳು — ಮೂರು ಗೀಟು. ಮೂರೇ. ಮೇಷ್ಟ್ರು ಮಾತಾಡುತ್ತಲೇ ಇದ್ದಾರೆ, ಬೆರಳು ಓಡುತ್ತಲೇ ಇವೆ, ಹಾಗಾದರೆ ಆ ಕೈಯಿಂದಲ್ಲವೇ, ಗಾಳಿಯೋ ಮೋಡವೋ ಯಾವುದೋ ಪುಣ್ಯವೋ, ಅತ್ತೆ ಕಳ್ಳಬೆಕ್ಕಿನಂತೆ ಕಿಟಕಿಯತ್ತ ಇಣುಕಿದರು, ಅವಳು ಥಟ್ಟನೆ ಕೀಲಿಮಣೆಗೆ ಮುಖ ಬಗ್ಗಿಸಿದಳು, ನೋಡಲಿಲ್ಲ, ನಾನೇನೂ ನೋಡಲಿಲ್ಲ, ಕಣ್ಣೆತ್ತುವಾಗ ಅತ್ತೆ ಎದ್ದು ಇನ್ನೊಂದು ಕೈಯಲ್ಲಿ ತಂತಿ ಹಿಡಿದಾಗಿತ್ತು.

ಸೋಮವಾರದಿಂದ ಬನ್ನಿ, ದಿನಾ ಒಂದು ಗಂಟೆ, ನಿಮ್ಮ ಲೈನು ನಿಜಕ್ಕೂ ಹೊಳೆ ಕಣ್ರೀ, ಎಂದರು ಮೇಲ್ವಿಚಾರಕಿ, ಅವಳು ಹಿತ್ತಿಲಿಗೆ ನಡೆದಳೋ ತೇಲಿದಳೋ, ಸಿಕ್ತು ಅತ್ತೆ, ಕ್ಲಿಪ್ಪುಗಳು ನೆಲಕ್ಕೆ ಬಿದ್ದವು, ಒಂದು ಗಂಟೆ ಕಟ್ಟಿಹಾಕಿದ್ದ ಮಾತು ಕಟ್ಟೆಯೊಡೆಯಿತು, ನನಗೆ ಗೊತ್ತಿತ್ತು, ಬಿಡ್ಲಿಲ್ಲ ನೋಡು, ಒಂದು ಕ್ಷಣಾನೂ ಬಿಡ್ಲಿಲ್ಲ, ಸೊಳ್ಳೆ ಕಚ್ಚಿದ್ರೂ ಬಿಡ್ಲಿಲ್ಲ, ಇನ್ಮೇಲೆ ದಿನಾ ಹಿಡೀಬೇಕೇನೇ, ಬೇಡ ಎನ್ನಬೇಕು, ಈಗಲೇ, ಕೂತ್ಕೊಳ್ಳಿ ಅತ್ತೆ, ನಿಮ್ಮ ತೋಳು, ನೆರಳಲ್ಲಿ ಕೂತ್ಕೊಳ್ಳಿ, ಒನಕೆ, ಮೂಲೆ, ಒಂದಡಿ ಎತ್ತರ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ, ಅತ್ತೆ ಕೈ ಚಾಚಿ ತೋರಿಸುತ್ತಿದ್ದಾರೆ, ನೋಡು, ಅಂಗೈಗೆ ಅಡ್ಡವಾಗಿ ತುಕ್ಕಿನ ಗೆರೆ, ಈ ಕೈ ನೋಡು, ಆ ಕೈಯಲ್ಲೂ ತುಕ್ಕಿನ ಗೆರೆ, ಕೆಂಪಗೆ, ನೇರವಾಗಿ, ತುಕ್ಕಿನ ಗೆರೆ —